573201 ಒಳಗೆ ಏನಿದೆ?

ಎಲ್ಲರಿಗೂ ನಮಸ್ಕಾರ. 573201 ಹಾಸನದವರಿಗೆ ಅರ್ಜಿ, ಲಕೋಟೆಗಳ ಮೇಲೆ ಬರೆದು ಬರೆದು ಕೈಗೆ ಕೂತುಹೋದ ಪಿನ್‌ಕೋಡ್. ಅಂಚೆಯವರಿಗೆ ಅದು ಬರೀ ಗುರುತು. ಇವತ್ತು ಅದನ್ನು ಐದು ಲಕ್ಷದ ಎಪ್ಪತ್ತಮೂರು ಸಾವಿರದ ಇನ್ನೂರ ಒಂದು ಎಂಬ ಸಂಖ್ಯೆಯಾಗಿಯೇ ನೋಡೋಣ. ಸಂಖ್ಯೆ ಎಷ್ಟು ದೊಡ್ಡದು ಎನ್ನುವುದರಿಂದ ಅದರ ಸ್ವಭಾವ ತಿಳಿಯುವುದಿಲ್ಲ. ಅಪವರ್ತನ, ಅಂದರೆ ಯಾವ ಅವಿಭಾಜ್ಯಗಳನ್ನು ಗುಣಿಸಿದರೆ ಆ ಸಂಖ್ಯೆ ಬರುತ್ತದೆ ಎಂಬುದು ಸಿಕ್ಕರೆ ಮಿಕ್ಕದ್ದು ಅದರ ಬೆನ್ನಿಗೇ ಬರುತ್ತದೆ.

ಕೊನೆಯ ಅಂಕಿ 1, ಹಾಗಾಗಿ 2 ಮತ್ತು 5 ಹೋದವು. ಅಂಕಿಗಳನ್ನು ಕೂಡಿದರೆ 18. ಅಂದರೆ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಲಬ್ಧ 63689. ಮಕ್ಕಳು ಎಡವುವುದು ಇಲ್ಲೇ: 3ರಿಂದ ಒಮ್ಮೆ ಭಾಗಿಸಿ 191067 ಬಂದ ಕೂಡಲೇ 7ಕ್ಕೆ ಹಾರುತ್ತಾರೆ. 3 ಒಂದು ಸಲ ಬಂತೋ ಎರಡು ಸಲವೋ ಎಂಬುದರ ಮೇಲೆ ಸಂಖ್ಯೆಯ ಸ್ವಭಾವವೇ ಬದಲಾಗುತ್ತದೆ.

63689 ಅವಿಭಾಜ್ಯವೇ? ವರ್ಗಮೂಲ 252 ಚಿಲ್ಲರೆ. ಅಷ್ಟರೊಳಗೆ ಇರುವ ಅವಿಭಾಜ್ಯಗಳು 54. 9ನ್ನು ಮೊದಲೇ ತೆಗೆಯದಿದ್ದರೆ 757ರವರೆಗಿನ 134ನ್ನೂ ನೋಡಬೇಕಿತ್ತು. ಒಂದೊಂದಾಗಿ ಭಾಗಿಸುತ್ತಾ ಹೋಗಿ, 193ರ ಹತ್ತಿರ ಎಚ್ಚರ. ಕ್ಯಾಲ್ಕ್ಯುಲೇಟರ್ 329.9948 ತೋರಿಸುತ್ತದೆ. ಅದನ್ನು 330 ಅಂದುಕೊಂಡರೆ ಕೆಲಸ ಕೆಟ್ಟಿತು: 193 × 330 = 63690, ಒಂದು ಹೆಚ್ಚು. ಅನುಮಾನ ಬಂದಾಗ ತಿರುಗಿ ಗುಣಿಸಿ ನೋಡುವುದೇ ಸರಿಯಾದ ದಾರಿ. 54ರಲ್ಲಿ ಒಂದೂ ಹೊಂದುವುದಿಲ್ಲ, 63689 ಅವಿಭಾಜ್ಯವೇ. ಆದ್ದರಿಂದ 573201 = 3² × 63689.

ಈಗ ಭಾಜಕಗಳು ಆರೇ: 1, 3, 9, 63689, 191067, ಮತ್ತು ಸಂಖ್ಯೆ ತಾನೇ. ಮೊತ್ತ 13 × 63690 = 827970. ಅದರಿಂದ ಮೂಲ ಸಂಖ್ಯೆ ಕಳೆದರೆ 254769. ಇದು 573201ಕ್ಕಿಂತ ಕಡಿಮೆ, ಹಾಗಾಗಿ ನ್ಯೂನ ಸಂಖ್ಯೆ. ಈ ಮೊತ್ತ ಮೂಲ ಸಂಖ್ಯೆಗಿಂತ ಹೆಚ್ಚಾದರೆ ಅದು ಅಧಿಕ ಸಂಖ್ಯೆ. ಬೆಸ ಸಂಖ್ಯೆಗಳಲ್ಲಿ ಅಧಿಕ ಸಂಖ್ಯೆಗಳು ವಿರಳ, ಮೊದಲನೆಯದೇ 945.

ನನಗೆ ತುಂಬಾ ಇಷ್ಟವಾದದ್ದು ಮುಂದಿನದು. ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? 63689ನ್ನು 4ರಿಂದ ಭಾಗಿಸಿದರೆ ಶೇಷ 1. ಅಂಥ ಅವಿಭಾಜ್ಯವನ್ನು ಖಂಡಿತ ಬರೆಯಬಹುದು ಎಂದು ಗಣಿತಜ್ಞ ಫರ್ಮಾ ಹೇಳಿದ, ಮುಂದೆ ಇನ್ನೊಬ್ಬ ಗಣಿತಜ್ಞ ಆಯ್ಲರ್ ಸಾಧಿಸಿ ತೋರಿಸಿದ. ಹುಡುಕುವಾಗ ಕಣ್ಣುಮುಚ್ಚಿ ಹೋಗಬೇಡಿ. 8ರಿಂದ ಭಾಗಿಸಿದಾಗಲೂ ಶೇಷ 1, ಆದ್ದರಿಂದ ಎರಡರಲ್ಲಿ ಸಮಸಂಖ್ಯೆಯಾದದ್ದು 4ರ ಗುಣಕವಾಗಿರಲೇಬೇಕು. ಕೊನೆಯ ಅಂಕಿ 9 ಆಗಿರುವುದರಿಂದ, ಆ ಸಮಸಂಖ್ಯೆ 0ಯಲ್ಲಿ ಮುಗಿಯಬೇಕು, ಇಲ್ಲವೇ ಬೆಸಸಂಖ್ಯೆ 5ರಲ್ಲಿ ಮುಗಿಯಬೇಕು. ಇಷ್ಟು ಸೋಸಿದ ಮೇಲೆ ಒಂದು ಹಾಳೆಯಲ್ಲಿ ಕೆಲಸ ಮುಗಿಯುತ್ತದೆ: 235² + 92² = 55225 + 8464 = 63689. ಎರಡನ್ನೂ 3ರಿಂದ ಗುಣಿಸಿ: 705² + 276² = 573201.

ಪಕ್ಕದ ಚಿಕ್ಕಮಗಳೂರಿನ 577101 ನೋಡಿ. ಅದು 3 × 7 × 27481, ಮೂರೂ ಬೇರೆಬೇರೆ ಅವಿಭಾಜ್ಯ, ಯಾವುದೂ ಎರಡನೇ ಸಲ ಬಂದಿಲ್ಲ. ಭಾಜಕಗಳು ಎಂಟು. ಇದೂ ನ್ಯೂನವೇ. ಆದರೆ ಎರಡು ವರ್ಗಗಳಾಗಿ ಒಡೆಯಲು ಹೋದರೆ ಒಡೆಯುವುದಿಲ್ಲ. ಕಾರಣ ಸರಳ. ಯಾವ ವರ್ಗವನ್ನೇ 3ರಿಂದ ಭಾಗಿಸಿ, ಶೇಷ 0 ಅಥವಾ 1. ಎರಡು ವರ್ಗಗಳ ಮೊತ್ತ 3ರಿಂದ ಭಾಗವಾಗಬೇಕಾದರೆ ಎರಡರ ಶೇಷವೂ 0 ಇರಬೇಕು. ಆಗ ಎರಡೂ ವರ್ಗಗಳು 9ರಿಂದ ಭಾಗವಾಗುತ್ತವೆ, ಮೊತ್ತವೂ ಆಗಬೇಕು. 577101ರ ಅಂಕಿಗಳ ಮೊತ್ತ 21, 9ರಿಂದ ಭಾಗವಾಗುವುದಿಲ್ಲ.