ದೊಡ್ಡವರಾದ ಮೇಲೆ ಇಂಗ್ಲಿಷ್ ಗ್ರಾಮರ್: ಮೊದಲು ಹೆಲ್ಪಿಂಗ್ ವರ್ಬ್ ಹಿಡೀರಿ

ನಮಸ್ಕಾರ. ಇಂಗ್ಲಿಷ್ ಗ್ರಾಮರ್‌ನ ಮೊದಲಿನಿಂದ ಕಲಿಯೋಕೆ ಹೊರಟಿರೋ ದೊಡ್ಡವರಿಗಾಗಿ ಈ ವಿಡಿಯೋ. ಪುಸ್ತಕ ತೆರೆದ ಕೂಡಲೇ 12 ಟೆನ್ಸ್‌ಗಳ ಪಟ್ಟಿ ಕಣ್ಣಿಗೆ ಬೀಳುತ್ತೆ. ದಯವಿಟ್ಟು ಅದನ್ನ ಬಾಯಿಪಾಠ ಮಾಡೋಕೆ ಕೂರಬೇಡಿ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ, ಶುರು ಮಾಡೋ ಜಾಗ ಮಾತ್ರ ಅದಲ್ಲ. ‘ಐ ವಿಲ್ ಹ್ಯಾವ್ ಬೀನ್ ವರ್ಕಿಂಗ್’ ಅಂತ ಹೇಳೋ ಸಂದರ್ಭ ಯಾವಾಗಲೋ ಒಮ್ಮೆ ಬರುತ್ತೆ. ‘ಡು ಯು ವರ್ಕ್ ಹಿಯರ್?’ ಅನ್ನೋದು ದಿನಾ ಬೇಕು. ಹೊಸಬರು ತಡವರಿಸೋದು ಹೆಚ್ಚಾಗಿ ಈ ಎರಡನೇ ಥರದ ವಾಕ್ಯದಲ್ಲೇ.

ಮೊದಲು ಪದಗಳ ಜಾಗ. ‘ಹುಡುಗ ನಾಯಿಯನ್ನು ಓಡಿಸಿದ’ ಅನ್ನಿ, ‘ನಾಯಿಯನ್ನು ಹುಡುಗ ಓಡಿಸಿದ’ ಅನ್ನಿ, ಅರ್ಥ ಬದಲಾಗಲ್ಲ. ಯಾರು ಯಾರನ್ನ ಓಡಿಸಿದ್ದು ಅಂತ ‘ಅನ್ನು’ ಪ್ರತ್ಯಯ ಹೇಳಿಬಿಡುತ್ತೆ. ಇಂಗ್ಲಿಷ್‌ನಲ್ಲಿ ಆ ಪ್ರತ್ಯಯ ಇಲ್ಲ, ಅದರ ಕೆಲಸವನ್ನ ಜಾಗ ಮಾಡುತ್ತೆ. ‘ದ ಬಾಯ್ ಚೇಸ್ಡ್ ದ ಡಾಗ್’ ಅನ್ನೋದನ್ನ ತಿರುಗಿಸಿದರೆ ನಾಯಿಯೇ ಹುಡುಗನನ್ನ ಅಟ್ಟಿಸಿಕೊಂಡು ಹೋಗುತ್ತೆ. ಆದ್ದರಿಂದ ಮೊದಲು ಕರ್ತೃ, ಅದರ ಬೆನ್ನಿಗೇ ಕ್ರಿಯಾಪದ, ಉಳಿದದ್ದೆಲ್ಲ ಆಮೇಲೆ. ಎಲ್ಲಿ, ಯಾವಾಗ ಅನ್ನೋದು ಸಾಮಾನ್ಯವಾಗಿ ಕೊನೆಗೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದರಿಂದ, ಮನಸ್ಸಲ್ಲಿ ಇಡೀ ಕನ್ನಡ ವಾಕ್ಯ ಕಟ್ಟಿಕೊಂಡು ಆಮೇಲೆ ಅನುವಾದ ಮಾಡೋಕೆ ಹೋದರೆ ಎರಡನೇ ಪದಕ್ಕೇ ಮಾತು ನಿಲ್ಲುತ್ತೆ. ‘ಯಾರು, ಏನು ಮಾಡಿದ್ರು’ ಇಷ್ಟನ್ನ ಮೊದಲು ಬಾಯಿಂದ ಹೊರಗೆ ಹಾಕಿ. ಉಳಿದದ್ದನ್ನ ಒಂದೊಂದಾಗಿ ಸೇರಿಸ್ತಾ ಹೋಗಿ.

ಈಗ ಹೆಲ್ಪಿಂಗ್ ವರ್ಬ್, ಅಂದರೆ ಮುಖ್ಯ ಕ್ರಿಯಾಪದಕ್ಕೆ ನೆರವಾಗೋ ಸಣ್ಣ ಕ್ರಿಯಾಪದ. ಶುರುವಿಗೆ ಎರಡು ಕುಟುಂಬ ಸಾಕು. ಒಂದು ‘ಬಿ’ ಕುಟುಂಬ: ಆ್ಯಮ್, ಈಸ್, ಆರ್, ವಾಸ್, ವರ್. ಇನ್ನೊಂದು ‘ಡು’ ಕುಟುಂಬ: ಡು, ಡಸ್, ಡಿಡ್.

‘ಅವಳು ಡಾಕ್ಟರ್’ ಅಂದರೆ ಕನ್ನಡದಲ್ಲಿ ವಾಕ್ಯ ಪೂರ್ತಿಯಾಯ್ತು, ಕ್ರಿಯಾಪದ ಬೇಕಿಲ್ಲ. ಇಂಗ್ಲಿಷ್‌ನಲ್ಲಿ ಬೇಕೇ ಬೇಕು: ‘ಶೀ ಈಸ್ ಅ ಡಾಕ್ಟರ್’. ಈ ‘ಈಸ್’ ಬಿಟ್ಟುಹೋಗೋದು ಮೊದಲ ಹಂತದ ತಪ್ಪು. ಅದನ್ನ ತಿದ್ದಿಕೊಂಡವರು ಮುಂದೆ ಎಲ್ಲಾ ಕಡೆ ತುರುಕೋಕೆ ಶುರು ಮಾಡ್ತಾರೆ: ‘ಐ ಆ್ಯಮ್ ಗೋ’, ‘ಶೀ ಈಸ್ ವರ್ಕ್’. ಇಲ್ಲಿ ನೆನಪಿಡಬೇಕಾದ್ದು ಇಷ್ಟು. ಒಬ್ಬರು ಯಾರು, ಹೇಗಿದ್ದಾರೆ, ಎಲ್ಲಿದ್ದಾರೆ ಅಂತ ಹೇಳೋವಾಗ ‘ಬಿ’ ಕುಟುಂಬ ಒಂಟಿಯಾಗಿ ಬರುತ್ತೆ. ಕೆಲಸ ಈಗ ನಡೀತಿದೆ ಅಂದಾಗ ‘ಇಂಗ್’ ಜೊತೆ ಬರುತ್ತೆ: ‘ಶೀ ಈಸ್ ವರ್ಕಿಂಗ್’. ‘ಇಂಗ್’ ಇಲ್ಲದ ಬರೀ ಕ್ರಿಯಾಪದದ ಪಕ್ಕ ಅದಕ್ಕೆ ಜಾಗ ಇಲ್ಲ.

‘ಡು’ ಕುಟುಂಬಕ್ಕೆ ಜಾಸ್ತಿ ಸಮಯ ಕೊಡಿ, ಯಾಕಂದ್ರೆ ಇದಕ್ಕೆ ಸಾಟಿಯಾದದ್ದು ಕನ್ನಡದಲ್ಲಿ ಇಲ್ಲ. ಪ್ರಶ್ನೆ ಕೇಳೋಕೆ ಪದದ ಕೊನೆಗೆ ‘ಆ’ ಹಚ್ಚಿದರೆ ನಮಗೆ ಸಾಕು: ‘ಬಂದ್ರಾ?’ ಅಲ್ಲ ಅನ್ನೋಕೆ ಕೊನೆಗೆ ‘ಇಲ್ಲ’ ಇದೆ. ಇಂಗ್ಲಿಷ್‌ನಲ್ಲಿ ಈ ಎರಡೂ ಕೆಲಸಕ್ಕೆ ಒಂದು ಹೆಲ್ಪಿಂಗ್ ವರ್ಬ್ ಬೇಕು. ವಾಕ್ಯದಲ್ಲಿ ಆಗಲೇ ಒಂದಿದ್ದರೆ ಅದನ್ನೇ ಬಳಸ್ತಾರೆ, ಇಲ್ಲದಿದ್ದರೆ ‘ಡು’ ಕರೆತರ್ತಾರೆ. ಪ್ರಶ್ನೆಯಲ್ಲಿ ಅದು ಕರ್ತೃವಿನ ಮುಂದೆ ನಿಲ್ಲುತ್ತೆ, ‘ಅಲ್ಲ’ ಅನ್ನೋವಾಗ ಅದರ ಬೆನ್ನಿಗೆ ‘ನಾಟ್’ ಬರುತ್ತೆ. ‘ಶೀ ವರ್ಕ್ಸ್’. ‘ಡಸ್ ಶೀ ವರ್ಕ್?’ ‘ಶೀ ಡಸಂಟ್ ವರ್ಕ್’.

ಆ ‘ಎಸ್’ ಏನಾಯ್ತು ಗಮನಿಸಿದ್ರಾ? ‘ವರ್ಕ್ಸ್’ನಲ್ಲಿ ಇದ್ದದ್ದು ‘ಡಸ್’ಗೆ ಹೋಯ್ತು, ‘ವರ್ಕ್’ ಬೋಳಾಯ್ತು. ‘ಡಿಡ್’ ಜೊತೆಗೂ ಹೀಗೇ. ಭೂತಕಾಲವನ್ನ ‘ಡಿಡ್’ ಹೊತ್ತುಕೊಂಡ ಮೇಲೆ ಕ್ರಿಯಾಪದ ಮೂಲ ರೂಪಕ್ಕೆ ಮರಳುತ್ತೆ. ‘ಡಿಡ್ ಯು ವೆಂಟ್’ ತಪ್ಪು, ‘ಡಿಡ್ ಯು ಗೋ’ ಸರಿ. ಟೆನ್ಸ್‌ನ ಗುರುತು ಒಂದೇ ಕಡೆ, ಮೊದಲ ವರ್ಬ್ ಮೇಲೆ. ಈ ಒಂದು ನಿಯಮ ಕೈಗೆ ಸಿಕ್ಕರೆ ‘ಡಸ್ ಶೀ ವರ್ಕ್ಸ್’, ‘ಐ ಡಿಡಂಟ್ ಸಾ’ ಥರದ ತಪ್ಪುಗಳು ಒಟ್ಟಿಗೇ ಹೋಗ್ತವೆ. ‘ಕ್ಯಾನ್’, ‘ವಿಲ್’, ‘ಶುಡ್’, ‘ಮಸ್ಟ್’ ಆದಮೇಲೂ ಮೂಲ ರೂಪವೇ: ‘ಶೀ ಕ್ಯಾನ್ ಸ್ವಿಮ್’. ಅಲ್ಲಿ ‘ಸ್ವಿಮ್ಸ್’ ಬರಲ್ಲ, ‘ಕ್ಯಾನ್’ ಆದಮೇಲೆ ‘ಟು’ ಕೂಡ ಬರಲ್ಲ.

ಎರಡು ಕಡೆ ಈ ‘ಡು’ ಮಾಯವಾಗುತ್ತೆ. ‘ಯಾರು’ ಅನ್ನೋದೇ ಕರ್ತೃವಾದಾಗ: ‘ಹೂ ವರ್ಕ್ಸ್ ಹಿಯರ್?’ ಮತ್ತೆ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಕೂತಾಗ: ‘ಐ ಡೋಂಟ್ ನೋ ವೇರ್ ಹೀ ವರ್ಕ್ಸ್’. ಇಲ್ಲಿ ‘ವೇರ್ ಡಸ್ ಹೀ ವರ್ಕ್’ ಅಂತ ಹಾಕಿದರೆ ತಪ್ಪು.

ಉತ್ತರ ಕೊಡೋದರ ಬಗ್ಗೆಯೂ ಒಂದು ಮಾತು. ‘ನೀವು ಬರಲ್ವಾ?’ ಅಂತ ಕೇಳಿದರೆ ನಾವು ‘ಹೌದು, ಬರಲ್ಲ’ ಅಂತೀವಿ. ಇಂಗ್ಲಿಷ್‌ನಲ್ಲಿ ‘ಎಸ್, ಐ ಆ್ಯಮ್ ನಾಟ್ ಕಮಿಂಗ್’ ಅಂದರೆ ಕೇಳಿದವರಿಗೆ ಗೊಂದಲ. ಬರಲ್ಲ ಅಂತಿದ್ದರೆ ಪ್ರಶ್ನೆ ಹೇಗೇ ಇರಲಿ, ಉತ್ತರ ‘ನೋ’ದಿಂದ ಶುರು.

ಕಾಲಕ್ಕೆ ಬರೋಣ. ಕನ್ನಡದ ‘ಓದ್ತೀನಿ’ ಎರಡು ಕೆಲಸ ಮಾಡುತ್ತೆ: ‘ದಿನಾ ಓದ್ತೀನಿ’, ‘ನಾಳೆ ಓದ್ತೀನಿ’. ಇಂಗ್ಲಿಷ್‌ನಲ್ಲಿ ಇವು ಬೇರೆಬೇರೆ. ದಿನಾ ಅಂದರೆ ‘ಐ ರೀಡ್’, ನಾಳೆ ಅಂದರೆ ‘ಐ ವಿಲ್ ರೀಡ್’. ಈಗ ಓದ್ತಾ ಇದ್ದೀನಿ ಅಂದರೆ ‘ಐ ಆ್ಯಮ್ ರೀಡಿಂಗ್’. ಮಾತಾಡೋ ಮುಂಚೆ ‘ದಿನಾನಾ, ಈಗಲಾ, ನಾಳೆಯಾ’ ಅಂತ ಕೇಳಿಕೊಳ್ಳಿ. ಇದರ ಜೊತೆಗೆ ಭೂತಕಾಲ ಸೇರಿದರೆ ಮೊದಲ ಕೆಲವು ತಿಂಗಳಿಗೆ ಬೇಕಾದ ಟೆನ್ಸ್ ಆಯ್ತು. ‘ನಿನ್ನೆ ನೋಡಿದ್ದೀನಿ’ ಅನ್ನೋ ರೂಢಿಯಿಂದ ‘ಐ ಹ್ಯಾವ್ ಸೀನ್ ಹಿಮ್ ಎಸ್ಟರ್ಡೇ’ ಅಂತ ಬಾಯಿಗೆ ಬರುತ್ತೆ. ನಿನ್ನೆ, ಹೋದ ವಾರ, 2019ರಲ್ಲಿ ಹೀಗೆ ಮುಗಿದ ಸಮಯ ಹೇಳಿದರೆ ‘ಹ್ಯಾವ್’ ಬೇಡ, ‘ಐ ಸಾ ಹಿಮ್’ ಸಾಕು.

ಭೂತಕಾಲದ ‘ಇಡಿ’ಯನ್ನ ಎಲ್ಲಾ ಪದದಲ್ಲೂ ಬಿಡಿಸಿ ಹೇಳೋದು ಬೇಡ. ಕೊನೆಯ ಧ್ವನಿ ‘ಟ್’ ಅಥವಾ ‘ಡ್’ ಇದ್ದರೆ ಮಾತ್ರ ‘ವಾಂಟೆಡ್’, ‘ನೀಡೆಡ್’ ಅಂತ ಒಂದು ಉಚ್ಚಾರ ಹೆಚ್ಚು ಬರುತ್ತೆ. ಬೇರೆ ಕಡೆ ‘ವಾಕ್ಟ್’, ‘ಪ್ಲೇಡ್’. ‘ವಾಕೆಡ್’ ಅನ್ನೋದು ಇಲ್ಲ.

ನಿಯಮಕ್ಕೆ ಸಿಗದ ಕ್ರಿಯಾಪದಗಳು ತಪ್ಪಿಸಿಕೊಳ್ಳೋಕಾಗದಷ್ಟು ಮುಖ್ಯ. ಬಿ, ಹ್ಯಾವ್, ಡು, ಸೇ, ಗೆಟ್, ಮೇಕ್, ಗೋ, ನೋ, ಟೇಕ್, ಸೀ, ದಿನಾ ಬೇಕಾಗೋ ಈ ಹತ್ತೂ ಆ ಜಾತಿಯವೇ. ಅಕಾರಾದಿ ಪಟ್ಟಿ ಓದಬೇಡಿ, ಒಂದೇ ರಾಗದವನ್ನ ಗುಂಪು ಮಾಡಿ. ಕಟ್, ಪುಟ್, ಶಟ್, ಹಿಟ್ ಬದಲಾಗಲ್ಲ. ಸಿಂಗ್ ಸ್ಯಾಂಗ್ ಸಂಗ್, ರಿಂಗ್ ರ್ಯಾಂಗ್ ರಂಗ್ ಒಂದು ಗುಂಪು. ಬೈ, ಬ್ರಿಂಗ್, ಥಿಂಕ್, ಟೀಚ್ ಇವುಗಳ ಬಾಟ್, ಬ್ರಾಟ್, ಥಾಟ್, ಟಾಟ್ ಇನ್ನೊಂದು. ಬಾಯಿ ಗುಂಪನ್ನ ಬೇಗ ಹಿಡಿಯುತ್ತೆ.

ಕನ್ನಡದವರಿಗೇ ಎದುರಾಗೋ ಇನ್ನೊಂದು ಕಷ್ಟ ‘ನನಗೆ’. ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ಹಸಿವು, ನನಗೆ ಜ್ವರ. ಇವೆಲ್ಲ ಇಂಗ್ಲಿಷ್‌ನಲ್ಲಿ ‘ಐ’ ಇಂದಲೇ ಶುರು: ಐ ನೋ, ಐ ವಾಂಟ್, ಐ ಲೈಕ್, ಐ ಆ್ಯಮ್ ಹಂಗ್ರಿ, ಐ ಹ್ಯಾವ್ ಅ ಫೀವರ್. ಈ ನೋ, ವಾಂಟ್, ಲೈಕ್‌ಗಳಿಗೆ ‘ಇಂಗ್’ ಹಚ್ಚಬೇಡಿ. ‘ಇಬ್ಬರು ಅಕ್ಕಂದಿರಿದ್ದಾರೆ’ ಅನ್ನೋಕೆ ‘ಐ ಹ್ಯಾವ್ ಟೂ ಸಿಸ್ಟರ್ಸ್’, ‘ಹ್ಯಾವಿಂಗ್’ ಅಲ್ಲ.

ಗೌರವದ ಬಹುವಚನ ನಮ್ಮ ರಕ್ತದಲ್ಲಿದೆ. ‘ಅಪ್ಪ ಬಂದಿದ್ದಾರೆ’ ಅನ್ನೋದು ‘ಮೈ ಫಾದರ್ ಹ್ಯಾವ್ ಕಮ್, ದೇ ಆರ್ ಇನ್‌ಸೈಡ್’ ಅಂತ ಆಗಿಬಿಡುತ್ತೆ. ‘ಹ್ಯಾಸ್ ಕಮ್’, ‘ಹೀ ಈಸ್’ ಅಂತಲೇ ಹೇಳಿ. ಅಪ್ಪನಿಗೆ ‘ಹೀ’ ಅನ್ನೋದರಲ್ಲಿ ಅಗೌರವ ಇಲ್ಲ. ಆ ಮುಜುಗರ ಬಿಟ್ಟರೆ ನಾಲಿಗೆಯೂ ಬಿಡುತ್ತೆ.

ಆರ್ಟಿಕಲ್‌ಗೆ, ಅಂದರೆ ‘ಅ’, ‘ಆ್ಯನ್’, ‘ದ’ಗೆ, ಈಗ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಇರೋ ಎಣಿಸಬಹುದಾದ ವಸ್ತು ಬೋಳಾಗಿ ನಿಲ್ಲಬಾರದು. ‘ಅ’, ‘ದ’, ‘ಮೈ’, ಏನಾದರೊಂದು ಮುಂದಿರಲಿ. ‘ಅ’ ಬೇಕೋ ‘ಆ್ಯನ್’ ಬೇಕೋ ಅಂತ ಕಿವಿ ಹೇಳುತ್ತೆ, ಅಕ್ಷರ ಅಲ್ಲ: ಆ್ಯನ್ ಅವರ್, ಅ ಯೂನಿವರ್ಸಿಟಿ. ಇನ್ಫರ್ಮೇಶನ್, ಅಡ್ವೈಸ್, ಫರ್ನಿಚರ್, ಲಗೇಜ್‌ಗೆ ‘ಎಸ್’ ಇಲ್ಲ. ಸಮಯದ ವಿಷಯದಲ್ಲಿ ಗಂಟೆಗೆ ‘ಆ್ಯಟ್’, ವಾರದ ದಿನ ಮತ್ತು ತಾರೀಖಿಗೆ ‘ಆನ್’, ತಿಂಗಳು ಮತ್ತು ವರ್ಷಕ್ಕೆ ‘ಇನ್’. ಉಳಿದ ಪ್ರಿಪೋಸಿಶನ್‌ಗಳನ್ನ ಕ್ರಿಯಾಪದದ ಜೊತೆಗೇ ಕಲೀರಿ: ‘ಲಿಸನ್ ಟು’, ‘ವೇಟ್ ಫಾರ್’. ‘ಡಿಸ್ಕಸ್’ಗೆ ‘ಅಬೌಟ್’ ಬೇಡ.

ಅಭ್ಯಾಸ ಹೀಗೆ ಮಾಡಿ. ದಿನಕ್ಕೆ ಒಂದೇ ಕ್ರಿಯಾಪದ. ಅದರಲ್ಲಿ ನಾಲ್ಕು ವಾಕ್ಯ: ಹೌದು ಅನ್ನೋದು, ಅಲ್ಲ ಅನ್ನೋದು, ಪ್ರಶ್ನೆ, ‘ವೇರ್’ ಅಥವಾ ‘ವೆನ್’ ಹಾಕಿದ ಪ್ರಶ್ನೆ. ಮೊದಲು ‘ಐ’ ಮತ್ತು ‘ಯು’ ಇಟ್ಟು, ಆಮೇಲೆ ‘ಶೀ’ ಇಟ್ಟು, ಆಮೇಲೆ ಭೂತಕಾಲದಲ್ಲಿ. ಒಟ್ಟು 12 ವಾಕ್ಯ. ಬರೆದರೆ ಸಾಲದು, ಗಟ್ಟಿಯಾಗಿ ಹೇಳಿ, ಫೋನಲ್ಲಿ ರೆಕಾರ್ಡ್ ಮಾಡಿ. ಕೇಳೋವಾಗ ಒಂದೇ ತಪ್ಪಿಗೆ ಕಿವಿ ಇಡಿ, ಉದಾಹರಣೆಗೆ ಇವತ್ತು ‘ಎಸ್’ ಮಾತ್ರ. ಎಲ್ಲಾ ತಪ್ಪನ್ನೂ ಒಟ್ಟಿಗೆ ಹುಡುಕಿದರೆ ಯಾವುದೂ ತಿದ್ದಲ್ಲ. ನೋಟ್‌ಬುಕ್‌ನ ಎಡಗಡೆ ಕನ್ನಡ ವಾಕ್ಯ, ಬಲಗಡೆ ಇಂಗ್ಲಿಷ್ ಬರೀರಿ. ಮರುದಿನ ಬಲಗಡೆ ಮುಚ್ಚಿಕೊಂಡು ಹೇಳಿ, ತಡವರಿಸಿದ ಸಾಲಿಗೆ ಗುರುತು ಹಾಕಿ, ಆ ಸಾಲನ್ನ ಮಾತ್ರ ಮೂರನೇ ದಿನಕ್ಕೆ ತಗೊಂಡು ಹೋಗಿ.

ಹಿಂದೆ ಅಭ್ಯಾಸ ಮಾಡಿರದ ಕ್ರಿಯಾಪದ ಕೊಟ್ಟರೂ ‘ಡಸ್ ಶೀ’, ‘ಡಿಡ್ ಶೀ’ ಯೋಚಿಸದೆ ಬರ್ತಿದೆ ಅಂದಾಗ ‘ಹ್ಯಾವ್’, ‘ಹ್ಯಾಸ್’ ವಾಕ್ಯಗಳಿಗೆ ಹೋಗಿ. ಅಲ್ಲಿ ಹೊಸದಾಗಿ ಕಲಿಯಬೇಕಾದ್ದು ಕ್ರಿಯಾಪದದ ಮೂರನೇ ರೂಪ (‘ಸಿಂಗ್ ಸ್ಯಾಂಗ್ ಸಂಗ್’ನಲ್ಲಿ ‘ಸಂಗ್’ ಥರದ್ದು), ಮತ್ತೆ ಅದನ್ನ ಯಾವಾಗ ಬಳಸಬೇಕು ಅನ್ನೋದು. ಪ್ರಶ್ನೆಗೆ ‘ಹ್ಯಾವ್ ಯು ಸೀನ್’, ಅಲ್ಲ ಅನ್ನೋಕೆ ‘ಶೀ ಹ್ಯಾಸಂಟ್ ಸೀನ್’, ಜಾಗಗಳು ನೀವು ‘ಡು’ ಜೊತೆ ಕಲಿತವೇ.