ಹಳೇ ಕಾರಿನ ರೇಡಿಯೋಗೆ ಕರೆಂಟ್ ಕೊಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ಶುರುವಿಗೇ ಒಂದು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಹಳೇ ಕಾರಿನ ರೇಡಿಯೋ ಎಷ್ಟೋ ವರ್ಷದಿಂದ ಬಾಯಿ ಬಿಟ್ಟಿಲ್ಲ ಅಂತಾದರೆ, ‘ಹಾಡುತ್ತಾ ನೋಡೋಣ’ ಅಂತ ಸುಮ್ನೆ ಅದಕ್ಕೆ ಕರೆಂಟ್ ಕೊಡಬೇಡಿ. ವಯಸ್ಸಾಗಿ ಕೆಟ್ಟ ರೇಡಿಯೋಗಳಿಗಿಂತ ಈ ಅವಸರಕ್ಕೆ ಸುಟ್ಟುಹೋದ ರೇಡಿಯೋಗಳನ್ನೇ ನಾನು ಜಾಸ್ತಿ ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮೊದಲು ನಿಮ್ಮದು ಯಾವ ಕಾಲದ್ದು ಅಂತ ತಿಳಿದುಕೊಳ್ಳಿ. ಅಮೆರಿಕದ ಗಾಲ್ವಿನ್ ಕಂಪನಿ ‘ಮೋಟೊರೋಲಾ’ ಅನ್ನುವ ಹೆಸರಿಟ್ಟು ಕಾರ್ ರೇಡಿಯೋ ಮಾರಲು ಶುರು ಮಾಡಿದ್ದು 1930ರಲ್ಲಿ. ಆಗ ಎಲ್ಲವೂ ವಾಲ್ವ್, ಅಂದರೆ ಸಿಗ್ನಲ್ ಜೋರು ಮಾಡುವ ಗಾಜಿನ ಕೊಳವೆ. ಅದೇ ಕೆಲಸವನ್ನು ಮಾಡುವ ಪುಟ್ಟ ಟ್ರಾನ್ಸಿಸ್ಟರ್ ಮಾತ್ರ ಇರುವ ರೇಡಿಯೋ ಕ್ರೈಸ್ಲರ್ ಕಾರುಗಳಿಗೆ ಬಂದದ್ದು 1955ರಲ್ಲಿ, ಮಾಡಿಕೊಟ್ಟದ್ದು ಫಿಲ್ಕೋ ಕಂಪನಿ. ಈ ಎರಡು ಬಗೆಯಲ್ಲದೆ ವಾಲ್ವ್ ಮತ್ತು ಟ್ರಾನ್ಸಿಸ್ಟರ್ ಎರಡೂ ಇರುವ ಸೆಟ್‌ಗಳೂ ಇವೆ. ಮುಚ್ಚಳ ತೆಗೆದರೆ ಗಾಜಿನ ವಾಲ್ವ್ ಕಣ್ಣಿಗೇ ಕಾಣುತ್ತದೆ, ಕಷ್ಟವಿಲ್ಲ.

ವಾಲ್ವ್ ಸೆಟ್ ಆದರೆ ಒಳಗೆ ವೈಬ್ರೇಟರ್ ಅನ್ನುವ ಡಬ್ಬಿ ಇರುತ್ತದೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ತುಂಬಾ ಇಷ್ಟವಾದ ಭಾಗ ಇದು. ವಾಲ್ವ್‌ಗೆ ಬೇಕಾದದ್ದು ಸುಮಾರು 200 ವೋಲ್ಟ್. ಬ್ಯಾಟರಿಯಲ್ಲಿ ಇರುವುದು 6 ಅಥವಾ 12. ಬ್ಯಾಟರಿಯ ಕರೆಂಟ್ ಒಂದೇ ಸಮನೆ ಹರಿಯುತ್ತದೆ, ಅದನ್ನು ಹಾಗೇ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್‌ಗೆ ಕೊಟ್ಟರೆ ವೋಲ್ಟೇಜ್ ಏರುವುದಿಲ್ಲ, ಕಡಿದು ಕಡಿದು ಕೊಡಬೇಕು. ಆ ಕೆಲಸ ಮಾಡುವುದು ವೈಬ್ರೇಟರ್‌ನೊಳಗಿನ ಒಂದು ತೆಳು ಲೋಹದ ಪಟ್ಟಿ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಆ ಕಡೆ ಈ ಕಡೆ ಬಡಿದುಕೊಂಡು ಕರೆಂಟನ್ನು ಕಡಿಯುತ್ತದೆ. ಹಳೇ ರೇಡಿಯೋ ಹಾಕಿದಾಗ ಮೊದಲು ಕೇಳುವ ಆ ಗುಂಯ್ ಸದ್ದು ಇದರದ್ದೇ.

ಹೀಗೆ ಕಡಿಯುವಾಗ ಏಳುವ ಹೊಡೆತವನ್ನು ನುಂಗಿಕೊಳ್ಳಲು ಟ್ರಾನ್ಸ್‌ಫಾರ್ಮರ್‌ನ ಹೈ ವೋಲ್ಟೇಜ್ ಕಡೆಗೆ ಒಂದು ಬಫರ್ ಕೆಪಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಬಿಡಿಭಾಗ) ಇಟ್ಟಿರುತ್ತಾರೆ. ಅದರೊಳಗಿಂದ ಕರೆಂಟ್ ಸೋರತೊಡಗಿದರೆ ವೈಬ್ರೇಟರ್‌ನ ಪಾಯಿಂಟ್‌ಗಳು ಸುಟ್ಟು ಅಂಟಿಕೊಳ್ಳುತ್ತವೆ, ಆಮೇಲೆ ಟ್ರಾನ್ಸ್‌ಫಾರ್ಮರ್ ಕೂಡ ಹೋಗಬಹುದು. ಹೊಸ ಕೆಪಾಸಿಟರ್ ಸಿಗುತ್ತದೆ, ಆ ಟ್ರಾನ್ಸ್‌ಫಾರ್ಮರ್ ಸಿಗುವುದು ಬಹಳ ಕಷ್ಟ. ಅದಕ್ಕೇ ಕರೆಂಟ್ ಕೊಡುವ ಮೊದಲೇ ಆ ಕೆಪಾಸಿಟರನ್ನು ಬದಲಾಯಿಸಿ ಅಂತ ಪದೇ ಪದೇ ಹೇಳುವುದು. 1600 ವೋಲ್ಟ್ ತಡೆಯುವಂಥದ್ದು ಹಾಕಿ. ಅದರ ಸಾಮರ್ಥ್ಯದ ಅಂಕಿ, ಅಂದರೆ ಮೈಕ್ರೋಫ್ಯಾರಡ್ ಮಾತ್ರ ಹಳೆಯದರಷ್ಟೇ ಇರಲಿ, ಅದನ್ನು ಆ ಟ್ರಾನ್ಸ್‌ಫಾರ್ಮರ್‌ಗೆ ಲೆಕ್ಕ ಹಾಕಿ ಇಟ್ಟಿರುತ್ತಾರೆ, ಕೈಗೆ ಸಿಕ್ಕಿದ್ದು ಹಾಕಿದರೆ ಆಗುವುದಿಲ್ಲ. ಮೇಣ ಹಚ್ಚಿದ ಕಾಗದದ ಕೆಪಾಸಿಟರ್‌ಗಳನ್ನೂ ಒಣಗಿಹೋದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೂ ಜೊತೆಗೇ ತೆಗೆದುಬಿಡಿ. ಇನ್ನೊಂದು, ಸ್ವಿಚ್ ಆಫ್ ಮಾಡಿದ ಮೇಲೂ ಒಳಗೆ ಹೈ ವೋಲ್ಟೇಜ್ ಉಳಿದಿರಬಹುದು, ಒಂದು ರೆಸಿಸ್ಟರ್ ಮೂಲಕ ಅದನ್ನು ಇಳಿಸಿಯೇ ಕೈ ಹಾಕಿ.

ಇನ್ನು ಟ್ರಾನ್ಸಿಸ್ಟರ್ ಸೆಟ್. ಇದಕ್ಕೆ ದೊಡ್ಡ ಶತ್ರು ಉಲ್ಟಾ ಅರ್ಥ್, ಅಂದರೆ ಬ್ಯಾಟರಿಯ ತಪ್ಪು ತುದಿಯನ್ನು ಕಾರಿನ ಮೈಗೆ ಜೋಡಿಸಿರುವುದು. 1960ರ ದಶಕದವರೆಗೂ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆಯನ್ನೇ ಕಾರಿನ ಲೋಹದ ಮೈಗೆ ಜೋಡಿಸುತ್ತಿದ್ದರು. ಆಮೇಲೆ ಯಾರೋ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಕಿಸುವಾಗ ಅದನ್ನು ನೆಗೆಟಿವ್‌ಗೆ ತಿರುಗಿಸಿರುತ್ತಾರೆ. ರೇಡಿಯೋದ ತಗಡಿನ ಮೈಯೇ ಅದರ ಅರ್ಥ್ ಅಲ್ವಾ? ಡ್ಯಾಶ್‌ಬೋರ್ಡಿಗೆ ಕೂರಿಸಿದ ಕೂಡಲೇ ಒಂದು ವೈರ್ ಕೊಟ್ಟಂತಾಯಿತು. ನಾನು ಒಂದು ಸಲ ರೇಡಿಯೋ ಮೇಲಿನ ಚೀಟಿಯನ್ನು ನಂಬಿ, ಬ್ಯಾಟರಿ ಹೇಗೆ ಕಟ್ಟಿದ್ದಾರೆ ಅಂತ ನೋಡದೆ ಕೂರಿಸಿದೆ. ಸ್ಪೀಕರ್‌ಗೆ ಶಕ್ತಿ ಕೊಡುವ ಔಟ್‌ಪುಟ್‌ನ ಜರ್ಮೇನಿಯಂ ಟ್ರಾನ್ಸಿಸ್ಟರ್ ಅಲ್ಲೇ ಹೋಯಿತು. ಅದರ ಜೋಡಿ ಹುಡುಕಲು ತಿಂಗಳುಗಟ್ಟಲೆ ಅಲೆದೆ. ಅಂದಿನಿಂದ ಮೊದಲು ಮೀಟರ್, ಆಮೇಲೆ ಸ್ಕ್ರೂಡ್ರೈವರ್.

ಸ್ಪೀಕರ್ ಇಲ್ಲದೆ ಈ ಸೆಟ್‌ಗಳನ್ನು ಹಾಕಲೇಬೇಡಿ. ಔಟ್‌ಪುಟ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಸೆಟ್‌ನಲ್ಲಿ ಸ್ಪೀಕರ್ ಕಳಚಿ ವಾಲ್ಯೂಮ್ ಏರಿಸಿದರೆ ವೋಲ್ಟೇಜ್ ಚಿಮ್ಮಿ ಟ್ರಾನ್ಸಿಸ್ಟರನ್ನು ಸಾಯಿಸುತ್ತದೆ. ಸ್ಪೀಕರ್‌ನ ಓಮ್, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆ ಎಷ್ಟು ಅಂತ ಕೂಡ ನೋಡಿ. ಅಮೆರಿಕದ ಡೆಲ್ಕೋ ಕಂಪನಿಯ ಎಷ್ಟೋ ಸೆಟ್‌ಗಳು 10 ಓಮ್ ಸ್ಪೀಕರ್ ಕೇಳುತ್ತವೆ, ಅಲ್ಲಿಗೆ ಈಗಿನ 4 ಓಮ್ ಹಾಕುವುದು ತಪ್ಪು.

ಎಎಫ್117 ತರಹದ ಟ್ರಾನ್ಸಿಸ್ಟರ್ ಇರುವ ಯುರೋಪಿನ ಸೆಟ್‌ಗಳಲ್ಲಿ ಒಂದು ವಿಚಿತ್ರ ಕಾಯಿಲೆ ಇದೆ. ಆ ಟ್ರಾನ್ಸಿಸ್ಟರ್‌ನ ತಗಡಿನ ಡಬ್ಬಿಯೊಳಗೆ, ಬಳಸಲಿ ಬಿಡಲಿ, ವರ್ಷ ಕಳೆದಂತೆ ಕೂದಲಿಗಿಂತ ತೆಳುವಾದ ತವರದ ಎಳೆಗಳು ಬೆಳೆಯುತ್ತವೆ. ಬೆಳೆದು ಡಬ್ಬಿಗೂ ಒಳಗಿನ ಕಾಲುಗಳಿಗೂ ಸೇತುವೆ ಕಟ್ಟಿ ಶಾರ್ಟ್ ಮಾಡುತ್ತವೆ. ನಾಲ್ಕು ಕಾಲಿನಲ್ಲಿ ಒಂದು ಬರೀ ಡಬ್ಬಿಯದ್ದು. ಅದನ್ನು ಕತ್ತರಿಸಿದರೆ ಎಷ್ಟೋ ಸಲ ರೇಡಿಯೋ ಮತ್ತೆ ಹಾಡುತ್ತದೆ, ಆದರೆ ಎಷ್ಟು ದಿನ ಅಂತ ಹೇಳಲಾಗದು.

ಕರೆಂಟ್ ಕೊಡುವ ದಿನ ಬಂದಾಗ ಟೇಬಲ್ ಮೇಲೇ ಕೊಡಿ, ಕಾರಿನಲ್ಲಿ ಬೇಡ. ವೈರಿನ ಮಧ್ಯೆ ಒಂದು ಕಾರ್ ಬಲ್ಬ್ ಸೇರಿಸಿ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಝಗ್ ಅಂತ ಉರಿಯುತ್ತದೆ, ರೇಡಿಯೋ ಉಳಿಯುತ್ತದೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಸ್ಟೇಷನ್ ಬದಲಾಯಿಸುವ ಬಟನ್ ಗಟ್ಟಿಯಾಗಿದ್ದರೆ ಹಳೇ ಗ್ರೀಸ್ ಒಣಗಿದೆ ಅಷ್ಟೇ. ಕಾಯಿಲ್‌ಗಳೊಳಗೆ ಓಡಾಡುವ ಫೆರೈಟ್ ಕೋರ್‌ಗಳನ್ನು (ಸ್ಟೇಷನ್ ಹಿಡಿಯಲು ಸರಿಯುವ ಸಣ್ಣ ಕಡ್ಡಿಗಳು) ಮಾತ್ರ ಮುಟ್ಟಬೇಡಿ.

ಎಷ್ಟೋ ಸಲ ತಪ್ಪು ರೇಡಿಯೋದ್ದೇ ಅಲ್ಲ. ಎಂಜಿನ್ ನಿಲ್ಲಿಸಿದರೆ ರೇಡಿಯೋದಲ್ಲಿ ಬರುವ ಗಲಾಟೆ ನಿಲ್ಲುತ್ತದೆಯೇ? ಹಾಗಾದರೆ ರೇಡಿಯೋ ಬಿಚ್ಚಬೇಡಿ. ಎಂಜಿನ್ ಓಡುತ್ತಿರುವಾಗ ರೇಡಿಯೋದಿಂದ ಏರಿಯಲ್ (ಆಂಟೆನಾ) ಕಿತ್ತು ನೋಡಿ. ಸದ್ದು ಹೋದರೆ ಅದು ಏರಿಯಲ್‌ನಿಂದ ಬರುತ್ತಿದೆ, ಬುಡದ ತುಕ್ಕು ಕೆರೆದು ಅರ್ಥ್ ಸರಿಮಾಡಿ. ಉಳಿದರೆ ಪವರ್ ವೈರ್‌ನಿಂದ ಬರುತ್ತಿದೆ.

ಕೆಲವರು ಒಳಗಿನದೆಲ್ಲ ಕಿತ್ತೆಸೆದು ಬ್ಲೂಟೂತ್ ಬೋರ್ಡ್ ಕೂರಿಸುತ್ತಾರೆ. ಯುರೋಪಿನ ಹಲವು ದೇಶಗಳಲ್ಲಿ ಈ ರೇಡಿಯೋಗಳು ಹಿಡಿಯುವ ಮೀಡಿಯಂ ವೇವ್ ಸ್ಟೇಷನ್‌ಗಳೇ ಮುಚ್ಚಿವೆ, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಕೀಳಬೇಡಿ. ವಾಲ್ಯೂಮ್ ಕಂಟ್ರೋಲ್‌ಗೆ ಮುಂಚೆ ಫೋನಿನ ಸಿಗ್ನಲ್ ಸೇರಿಸಬಹುದು, ಬೇಡವಾದಾಗ ಎರಡು ಬೆಸುಗೆ ಬಿಡಿಸಿದರೆ ಮುಗಿಯಿತು. ನಿಮ್ಮ ಹಾಡು ಅದೇ ಹಳೇ ಸ್ಪೀಕರ್‌ನಿಂದ, ಅದೇ ಬೆಚ್ಚಗಿನ ದನಿಯಲ್ಲಿ ಬರುತ್ತದೆ.

ಟೇಬಲ್ ಮೇಲೆ ಎರಡು ಮೂರು ಗಂಟೆ ಚೆನ್ನಾಗಿ ಹಾಡಿದ ಮೇಲೆ ಕಾರಿಗೆ ಕೂರಿಸಿ. ಏರಿಯಲ್ ಪೂರ್ತಿ ಮೇಲೆಳೆದು, 1400 ಕಿಲೋಹರ್ಟ್ಜ್ ಹತ್ತಿರ ಸಣ್ಣಗೆ ಕೇಳುವ ಒಂದು ಸ್ಟೇಷನ್ ಹಿಡಿದು, ಏರಿಯಲ್ ಟ್ರಿಮ್ಮರ್‌ನ ಪುಟ್ಟ ಸ್ಕ್ರೂವನ್ನು ದನಿ ಜೋರಾಗುವ ತನಕ ನಿಧಾನಕ್ಕೆ ತಿರುಗಿಸಿ. ಬಹಳ ಸೆಟ್‌ಗಳಲ್ಲಿ ಅದು ಏರಿಯಲ್ ಸಾಕೆಟ್ ಪಕ್ಕದಲ್ಲೇ ಇರುತ್ತದೆ. ಇದನ್ನು ಟೇಬಲ್ ಮೇಲೆ ಮಾಡಿದರೆ ಪ್ರಯೋಜನವಿಲ್ಲ, ಆ ಕಾರಿನ ಏರಿಯಲ್‌ಗೇ ಹೊಂದಿಸಬೇಕು.