ಕಸರಾನಿಯಲ್ಲಿ ಚಾನ್: ಊರಿನ ಲೀಗಿನವರೇ ದೇಶದ ತಂಡ

ಇದು ನೈರೋಬಿಯ ಥೀಕಾ ರೋಡ್. ನೀವು ನೋಡುತ್ತಿರುವ ಈ ಮಟಾಟು ಬಸ್ಸುಗಳೆಲ್ಲ ಕಸರಾನಿ ಸ್ಟೇಡಿಯಂ ಕಡೆಗೇ ಹೊರಟಿವೆ. ಇಲ್ಲಿನ ಜನಕ್ಕೆ ಇಂಗ್ಲಿಷ್ ಫುಟ್‌ಬಾಲ್ ಲೀಗ್ ಅಂದರೆ ಪ್ರಾಣ. ಯಾರನ್ನೇ ಕೇಳಿ, ಒಂದೋ ಆರ್ಸೆನಲ್, ಇಲ್ಲ ಮ್ಯಾಂಚೆಸ್ಟರ್ ಯುನೈಟೆಡ್. ಆದರೆ 2025ರ ಆಗಸ್ಟ್ ತಿಂಗಳಲ್ಲಿ ಇದೇ ಜನ ಟಸ್ಕರ್, ಗೋರ್ ಮಾಹಿಯಾ, ಕೆನ್ಯಾ ಪೊಲೀಸ್ ಅನ್ನುವ ಇಲ್ಲಿನದೇ ಕ್ಲಬ್‌ಗಳ ಹುಡುಗರ ಬಗ್ಗೆ ಮಾತಾಡುತ್ತಿದ್ದರು. ಅದಕ್ಕೇ ಈ ವಿಡಿಯೊ.

ಟೂರ್ನಿಯ ಹೆಸರು ಆಫ್ರಿಕನ್ ನೇಷನ್ಸ್ ಚಾಂಪಿಯನ್‌ಶಿಪ್. ಎಲ್ಲರೂ ಕರೆಯುವುದು ಚಾನ್ ಅಂತ. ಸಲಾ, ಮಾನೆಯಂಥ ಸ್ಟಾರ್‌ಗಳು ಆಡುವ ಆಫ್ಕಾನ್, ಅಂದರೆ ಆಫ್ರಿಕಾ ಕಪ್ ಬೇರೆ, ಇದು ಬೇರೆ. ಇಲ್ಲಿನ ನಿಯಮ ಒಂದೇ. ನೀನು ನಿನ್ನ ದೇಶದ ಲೀಗಿನಲ್ಲೇ ಆಡುತ್ತಿರಬೇಕು. ಯುರೋಪಿನ ಕ್ಲಬ್‌ನಲ್ಲಿದ್ದರೆ ಇಲ್ಲಿ ಜಾಗ ಇಲ್ಲ. ಪಕ್ಕದ ದೇಶದ ಕ್ಲಬ್‌ನಲ್ಲಿದ್ದರೂ ಇಲ್ಲ.

ಮೊದಲ ಚಾನ್ ನಡೆದದ್ದು 2009ರಲ್ಲಿ, ಐವರಿ ಕೋಸ್ಟ್‌ನಲ್ಲಿ. ಎಂಟೇ ತಂಡ, ಗೆದ್ದದ್ದು ಡಿಆರ್ ಕಾಂಗೊ. ಇದನ್ನು ಬಿ ಟೀಮ್‌ಗಳ ಆಟ ಅನ್ನುವವರು ಈಗಲೂ ಇದ್ದಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. 2014ರಿಂದ ಫಿಫಾ ಈ ಪಂದ್ಯಗಳನ್ನು ಪೂರ್ಣ ಅಂತರರಾಷ್ಟ್ರೀಯ ಪಂದ್ಯಗಳೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಲ್ಲದೆ ಇಲ್ಲಿಂದ ಎದ್ದವರನ್ನು ನೋಡಿ. 2018ರಲ್ಲಿ ಮೊರಾಕೊದ ಅಯೂಬ್ ಎಲ್ ಕಾಬಿ ಒಂದೇ ಚಾನ್‌ನಲ್ಲಿ 9 ಗೋಲು ಹೊಡೆದ. ಅದೇ ವರ್ಷ ವಿಶ್ವಕಪ್ ಆಡಿದ. 2024ರಲ್ಲಿ ಗ್ರೀಸ್‌ನ ಒಲಿಂಪಿಯಾಕೋಸ್ ಕ್ಲಬ್ ಯುರೋಪಿನ ಕಾನ್ಫರೆನ್ಸ್ ಲೀಗ್ ಗೆದ್ದಿತಲ್ಲ, ಆ ಫೈನಲ್‌ನ ಒಂದೇ ಒಂದು ಗೋಲು ಅವನದ್ದೇ. ಮಾಲಿಯ ಬಿಸ್ಸೂಮಾ ಕೂಡ 2016ರ ಚಾನ್ ಆಡಿ ಯುರೋಪಿಗೆ ಹೋದವನು.

2025ರಲ್ಲಿ ಕೆನ್ಯಾ, ತಾಂಜಾನಿಯಾ, ಉಗಾಂಡ ಮೂರೂ ಸೇರಿ ಟೂರ್ನಿ ನಡೆಸಿದವು. ಒಟ್ಟು 19 ತಂಡ. ಫೆಬ್ರುವರಿಯಲ್ಲಿ ಆಗಬೇಕಿದ್ದದ್ದು ಆಗಸ್ಟ್‌ಗೆ ಹೋಯಿತು. ಕೆನ್ಯಾಗೆ ಇದು ಮೊದಲ ಚಾನ್. ಕೋಚ್ ದಕ್ಷಿಣ ಆಫ್ರಿಕಾದ ಬೆನ್ನಿ ಮೆಕಾರ್ಥಿ. ಗುಂಪಿನಲ್ಲಿ ಹಳೇ ಚಾಂಪಿಯನ್‌ಗಳಾದ ಮೊರಾಕೊ ಮತ್ತು ಡಿಆರ್ ಕಾಂಗೊ ಎರಡೂ ಇದ್ದವು. ಯಾರೂ ಜಾಸ್ತಿ ಆಸೆ ಇಟ್ಟುಕೊಂಡಿರಲಿಲ್ಲ.

ಈಗ ಬರುತ್ತಿರುವುದು ಮೊರಾಕೊ ಪಂದ್ಯದ ದಿನ. ಈ ಕೂಗು ಕೇಳಿ. ಟಸ್ಕರ್ ಕ್ಲಬ್‌ನ ರಯಾನ್ ಓಗಮ್ ಹೊಡೆದ ಗೋಲು ಅದು. ಸ್ವಲ್ಪ ಹೊತ್ತಿಗೆ ಕೆನ್ಯಾದ ಒಬ್ಬನಿಗೆ ರೆಡ್ ಕಾರ್ಡ್. ಇಡೀ ಎರಡನೇ ಅರ್ಧ ಹತ್ತೇ ಜನ. ಮೊರಾಕೊದವರು ಬಾಲ್ ಬಿಟ್ಟುಕೊಡಲೇ ಇಲ್ಲ, ಒಂದರ ಹಿಂದೊಂದು ದಾಳಿ. ಕೆನ್ಯಾದವರು ಅಡ್ಡ ಬಿದ್ದು, ತಲೆ ಕೊಟ್ಟು, ಕಾಲು ಚಾಚಿ ತಡೆದರು. ಕೊನೆಗೆ 1-0. ನನ್ನ ಕ್ಯಾಮೆರಾ ಇಲ್ಲಿ ಯಾಕೆ ಅಲ್ಲಾಡುತ್ತಿದೆ ಅಂದರೆ ಸುತ್ತ ಇದ್ದವರೆಲ್ಲ ನನ್ನನ್ನು ತಬ್ಬಿಕೊಳ್ಳುತ್ತಿದ್ದರು. ಕೆನ್ಯಾ ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು. ಕ್ವಾರ್ಟರ್ ಫೈನಲ್‌ನಲ್ಲಿ ಮಡಗಾಸ್ಕರ್ ಎದುರು 1-1, ಆಮೇಲೆ ಪೆನಾಲ್ಟಿಯಲ್ಲಿ ಸೋಲು. ತಾಂಜಾನಿಯಾ, ಉಗಾಂಡ ಕೂಡ ಅದೇ ಹಂತದಲ್ಲಿ ಹೊರಬಿದ್ದವು.

ನನ್ನ ಮನಸ್ಸಿನಲ್ಲಿ ಉಳಿದ ತಂಡ ಮಾತ್ರ ಸೂಡಾನ್. ಅಲ್ಲಿ 2023ರ ಏಪ್ರಿಲ್‌ನಿಂದ ಯುದ್ಧ. ದೊಡ್ಡ ಕ್ಲಬ್‌ಗಳಾದ ಅಲ್ ಹಿಲಾಲ್ ಮತ್ತು ಅಲ್ ಮರ್ರಿಖ್ 2024-25ರ ಸೀಸನ್‌ನಲ್ಲಿ ಮಾರಿಟೇನಿಯಾದ ಲೀಗಿನಲ್ಲಿ ಅತಿಥಿಗಳಾಗಿ ಆಡಿದವು. ಯೋಚನೆ ಮಾಡಿ. ಸ್ವಂತ ಊರಿನ ಲೀಗಿನವರಿಗೆಂದೇ ಇರುವ ಟೂರ್ನಿ, ಇವರಿಗೆ ಊರಿನಲ್ಲಿ ನೆಮ್ಮದಿಯಾಗಿ ಆಡುವ ನೆಲವೇ ಇರಲಿಲ್ಲ. ಆದರೂ ಘಾನಾದ ಕೋಚ್ ಕ್ವೆಸಿ ಅಪ್ಪಿಯಾ ಕಟ್ಟಿದ ಈ ತಂಡ ಜಾಂಜಿಬಾರ್‌ನಲ್ಲಿ ನೈಜೀರಿಯಾವನ್ನು 4-0ರಿಂದ ಸೋಲಿಸಿತು. ನಾನು ಟಿವಿಯಲ್ಲಿ ನೋಡುತ್ತಿದ್ದೆ, ನಾಲ್ಕನೇ ಗೋಲಿಗೆ ಎದ್ದು ನಿಂತೆ. ಕ್ವಾರ್ಟರ್ ಫೈನಲ್‌ನಲ್ಲಿ ಅಲ್ಜೀರಿಯಾವನ್ನೂ ಪೆನಾಲ್ಟಿಯಲ್ಲಿ ಮನೆಗೆ ಕಳಿಸಿದರು. ಸೆಮಿಫೈನಲ್‌ನಲ್ಲಿ ಮಡಗಾಸ್ಕರ್ ಎದುರು ಹೆಚ್ಚುವರಿ ಸಮಯದಲ್ಲಿ ಬಿದ್ದ ಒಂದು ಗೋಲಿನಿಂದ ಸೋತರು. ಅಂತೂ ನಾಲ್ಕನೇ ಸ್ಥಾನ.

ಇದು ಆಗಸ್ಟ್ 30, ಫೈನಲ್. ಮಡಗಾಸ್ಕರ್ ಮೊದಲ ಸಲ ಚಾನ್ ಫೈನಲ್‌ನಲ್ಲಿತ್ತು. ಶುರುವಿನಲ್ಲೇ ಗೋಲು ಹೊಡೆಯಿತು. ಮೊರಾಕೊ ಸಮ ಮಾಡಿತು, ಮುಂದೆ ಹೋಯಿತು, ಮಡಗಾಸ್ಕರ್ ಮತ್ತೆ 2-2ಕ್ಕೆ ತಂದಿತು. ಆಗ ಮೊರಾಕೊದ ಉಸಾಮಾ ಲಮ್ಲೂಯಿ, ಗೋಲ್‌ಕೀಪರ್ ಮುಂದೆ ಬಂದಿರುವುದನ್ನು ನೋಡಿ, ಬಹಳ ದೂರದಿಂದಲೇ ಬಾಲ್ ಎತ್ತಿ ಹೊಡೆದ. 3-2. ಮೊರಾಕೊಗೆ ಇದು ಮೂರನೇ ಚಾನ್ ಕಪ್. ಅಷ್ಟು ಬೇರೆ ಯಾವ ದೇಶವೂ ಗೆದ್ದಿಲ್ಲ.

ಒಂದು ಮಾತು ಹೇಳಲೇಬೇಕು. ಈ ಟೂರ್ನಿಯಲ್ಲಿ ಚೆನ್ನಾಗಿ ಆಡಿದವನು ಮುಂದಿನ ಟೂರ್ನಿಗೆ ಸಿಗುವುದು ಕಷ್ಟ. ಹೊರದೇಶದ ಕ್ಲಬ್ ಕರೆದುಬಿಡುತ್ತದೆ. ಓಗಮ್ ಕೂಡ ಆಸ್ಟ್ರಿಯಾದ ವೂಲ್ಫ್ಸ್‌ಬರ್ಗರ್ ಕ್ಲಬ್ ಸೇರಿದ. ಅವನು ಮತ್ತೆ ಚಾನ್ ಆಡಬೇಕಾದರೆ ಕೆನ್ಯಾದ ಲೀಗಿಗೇ ವಾಪಸ್ ಬರಬೇಕು. ಇದು ನಷ್ಟ ಅಂತ ನನಗೆ ಅನಿಸುವುದಿಲ್ಲ. ಅವನು ಬಿಟ್ಟುಹೋದ ಜಾಗಕ್ಕೆ ಟಸ್ಕರ್‌ನವರು ಇನ್ನೊಬ್ಬ ಹುಡುಗನನ್ನು ಇಳಿಸಲೇಬೇಕು, ಅಲ್ವಾ? ಅವನು ಯಾರು ಅಂತ ನೋಡಲು ನಾನು ಲೀಗ್ ಪಂದ್ಯಗಳಿಗೂ ಹೋಗುತ್ತೇನೆ. ಮುಂದಿನ ವಿಡಿಯೊ ಅಲ್ಲಿಂದಲೇ.